ಕಾನೂನಿನೊಳಗಿನ ಗಣಿ: ಕೋಲಾರದ ಚಿನ್ನ, ಅದರ ಚರಿತ್ರೆ, ಅದರ ಸಿನಿಮಾ



ಹೊಲದಲ್ಲಿ ಉಳುವವನ ದುಡಿಮೆ ದಾರಿಹೋಕನಿಗೂ ಕಾಣುತ್ತದೆ. ಗಿರಣಿಯ ದುಡಿಮೆ ಕಾಣದಿದ್ದರೂ ಅದರ ಸದ್ದು ಊರಿಗೆಲ್ಲ ಕೇಳುತ್ತದೆ. ಗಣಿಯ ದುಡಿಮೆ ಮಾತ್ರ ಹೊರಗಿನವರ ಕಣ್ಣಿಗೂ ಬೀಳುವುದಿಲ್ಲ, ಕಿವಿಗೂ ಬೀಳುವುದಿಲ್ಲ. ನೆಲದ ಮೇಲೆ ಕಾಣುವುದು ಶಾಫ್ಟಿನ ಉಕ್ಕಿನ ಗೋಪುರ, ಪಾಳಿ ಮುಗಿಸಿ ಬರುವ ಜನ, ಬಿಸಾಡಿದ ಮಣ್ಣಿನ ಗುಡ್ಡ, ಇಷ್ಟೇ. ಹಾಗಾಗಿ ಗಣಿಯ ಬಗ್ಗೆ ನಮಗೆಲ್ಲ ಏನಾದರೂ ಗೊತ್ತಿದ್ದರೆ ಅದು ಬಹುಪಾಲು ಕಥೆ, ಕಾದಂಬರಿ, ಸಿನಿಮಾಗಳಿಂದ ಬಂದದ್ದು. ಬೇಸಾಯದ ಬಗ್ಗೆ ಸಿನಿಮಾ ತಪ್ಪು ತೋರಿಸಿದರೆ ತಿದ್ದಲು ಹಳ್ಳಿಗೊಬ್ಬ ರೈತನಿದ್ದಾನೆ. ಗಣಿಯ ಬಗ್ಗೆ ತಪ್ಪು ತೋರಿಸಿದರೆ ತಿದ್ದುವವರು ಒಂದೇ ಊರಿನಲ್ಲಿ, ಒಂದೇ ತಲೆಮಾರಿನಲ್ಲಿ ಉಳಿದಿರುತ್ತಾರೆ. ಆದ್ದರಿಂದಲೇ ಈ ಚಿತ್ರಣಗಳನ್ನು ಬರೀ ಮನರಂಜನೆಯೆಂದು ಬಿಟ್ಟುಬಿಡಲು ನನಗೆ ಮನಸ್ಸಾಗುವುದಿಲ್ಲ.

2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಚಿತ್ರದ ಮೊದಲ ಭಾಗ ಬಂತು; 2022ರ ಏಪ್ರಿಲಿನಲ್ಲಿ ಎರಡನೆಯದು. ಕೋಲಾರ್ ಗೋಲ್ಡ್ ಫೀಲ್ಡ್ಸ್ ಎಂಬುದರ ಆ ಮೂರು ಅಕ್ಷರಗಳು ಇವತ್ತು ಇಡೀ ದೇಶಕ್ಕೆ ಗೊತ್ತು. ಕನ್ನಡ ಚಿತ್ರವೊಂದು ಅಷ್ಟು ದೂರ ಹೋದದ್ದು ಹೆಮ್ಮೆಯ ಸಂಗತಿ. ಅದರ ತಾಂತ್ರಿಕ ಕೌಶಲವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಚಿತ್ರದ ಗಣಿ, ಅಂದರೆ ನರಾಚಿ, ಕಾನೂನಿಗೆ ಗೊತ್ತೇ ಇಲ್ಲದ ಜಾಗ. ಅದನ್ನು ಲೋಕದಿಂದ ಬಚ್ಚಿಟ್ಟಿದ್ದಾರೆ, ಅಲ್ಲಿ ದುಡಿಯುವವರು ಹೊತ್ತು ತಂದ ಗುಲಾಮರು, ಒಡೆಯನೊಬ್ಬ ರಾಕ್ಷಸ. ನಿಜವಾದ ಕೋಲಾರದ ಗಣಿ ಹಾಗಿರಲಿಲ್ಲ. ಅದು ಮೊದಲಿಂದ ಕೊನೆಯವರೆಗೂ ಕಾನೂನಿನ ಒಳಗೇ ಇತ್ತು. ಅಲ್ಲಿ ನಡೆದ ಅನ್ಯಾಯಕ್ಕೆ ಪರವಾನಗಿ ಇತ್ತು, ರಿಜಿಸ್ಟರ್ ಇತ್ತು, ಷೇರುದಾರರಿಗೆ ಕಳಿಸಿದ ವರ್ಷದ ವರದಿ ಇತ್ತು, ಸರ್ಕಾರಕ್ಕೆ ಕಟ್ಟಿದ ರಾಜಧನದ ಲೆಕ್ಕ ಇತ್ತು. ಇಂಥ ಅನ್ಯಾಯಕ್ಕೆ ಒಂದೇ ಮುಖ ಇರುವುದಿಲ್ಲ, ಅದನ್ನು ತೋರಿಸುವ ಕಲೆ ನಮ್ಮ ಜನಪ್ರಿಯ ಸಂಸ್ಕೃತಿಗೆ ಇನ್ನೂ ಒಲಿದಿಲ್ಲ ಎಂಬುದು ಈ ಉಪನ್ಯಾಸದ ವಾದ.

ಚರಿತ್ರೆಯಿಂದ ಶುರು ಮಾಡೋಣ. ನಮ್ಮ ನಾಡಿನಲ್ಲಿ ಚಿನ್ನ ಅಗೆಯುವುದನ್ನು ಬ್ರಿಟಿಷರು ಬಂದು ಕಲಿಸಲಿಲ್ಲ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಹೊಸಗಾಲದ ಗಣಿಗಾರರು ಇಳಿದಾಗ ಅವರಿಗಿಂತ ಮೊದಲೇ ಯಾರೋ ಸುಮಾರು 640 ಅಡಿ ಆಳದವರೆಗೆ ಇಳಿದಿದ್ದ ಗುರುತುಗಳು ಸಿಕ್ಕವು. ಬಂಡೆಯ ಮುಂದೆ ಕಟ್ಟಿಗೆ ಒಟ್ಟಿ ಬೆಂಕಿ ಹಾಕಿ, ಕಾದ ಬಂಡೆಗೆ ನೀರು ಎರಚಿ, ಬಿರುಕು ಬಿಟ್ಟದ್ದನ್ನು ಕಿತ್ತು ತೆಗೆಯುವ ವಿಧಾನ ಅವರದು. ಅಲ್ಲಿ ಸಿಕ್ಕ ಹಳೆಯ ಮರದ ತುಂಡುಗಳ ಪರೀಕ್ಷೆ ಆ ಕೆಲಸವನ್ನು ಸುಮಾರು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ಯುತ್ತದೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿಯ ಶಾಸನ ಶಾಲೆಗೆ ಹೋದವರಿಗೆಲ್ಲ ಗೊತ್ತು. ಅದನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಮೌರ್ಯರ ಆಜ್ಞೆ ಅಷ್ಟು ದಕ್ಷಿಣದ ಆ ಬಂಡೆಯ ಮೇಲೆ ಏಕೆ ಬಂತು ಎಂದು ವಿದ್ವಾಂಸರು ಯೋಚಿಸಿದಾಗ ಸುತ್ತಲಿನ ಚಿನ್ನದ ನೆಲವೂ ಲೆಕ್ಕಕ್ಕೆ ಬಂದಿದೆ.

ಕೋಲಾರದ ಕಡೆ ಬಂದರೆ, ಟಿಪ್ಪುವಿನ ಪತನದ ನಂತರ ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಇಲ್ಲಿನ ಚಿನ್ನದ ಸುದ್ದಿ ಕೇಳಿ ಬೆನ್ನು ಹತ್ತಿದ. ಹಳ್ಳಿಗರು ಮಣ್ಣು ತೊಳೆದು ಅವನ ಕಣ್ಣೆದುರೇ ಚಿನ್ನದ ಕಣ ತೋರಿಸಿದರು. ಮಾರಿಕುಪ್ಪದ ಬಳಿ ಗಂಡಸರು ಕಿರಿದಾದ ಗುಂಡಿಗಳಿಗೆ ಇಳಿದು ಕಲ್ಲು ಕಿತ್ತು ಕೊಡುವುದನ್ನೂ, ಮೇಲೆ ಹೆಂಗಸರು ಅದನ್ನು ಕುಟ್ಟಿ ಪುಡಿ ಮಾಡುವುದನ್ನೂ ಅವನು ದಾಖಲಿಸಿದ. ಈ ಕೆಲಸ ಮಾಡುತ್ತಿದ್ದವರು ಊರ ಹೊರಗಿಟ್ಟ ಜಾತಿಯ ಜನ. ಚಿನ್ನ ‘ಕಂಡುಹಿಡಿದ’ ಕೀರ್ತಿ ಯಾರ ಹೆಸರಿಗೆ ಬರೆಯಬೇಕೆಂಬ ಪ್ರಶ್ನೆಗೆ ಆ ವರದಿಯೇ ಉತ್ತರ ಕೊಡುತ್ತದೆ.

ಆ ವರದಿ ದಶಕಗಳ ಕಾಲ ಕಪಾಟಿನಲ್ಲಿತ್ತು. ನ್ಯೂಜಿಲೆಂಡಿನ ಯುದ್ಧಗಳಲ್ಲಿ ಸೇವೆ ಮುಗಿಸಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕೆಲ್ ಲವೆಲ್ ಎಂಬ ಐರಿಷ್ ಸಿಪಾಯಿ ಅದನ್ನು ಓದಿದ. 1873ರಲ್ಲಿ ಅವನು ಸರ್ಕಾರವನ್ನು ಅನುಮತಿ ಕೇಳಿದಾಗ ಮೈಸೂರು ಒಡೆಯರ ಕೈಯಲ್ಲಿರಲಿಲ್ಲ, ಬ್ರಿಟಿಷ್ ಕಮಿಷನರ ಆಡಳಿತದಲ್ಲಿತ್ತು. ಗುತ್ತಿಗೆ ಸಿಕ್ಕಿತು. ಆದರೆ ಅವನ ಬಳಿ ಬಂಡವಾಳವಿರಲಿಲ್ಲ. ಹಕ್ಕು ಕೈ ಬದಲಾಗುತ್ತ 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಆಂಡ್ ಸನ್ಸ್ ಕೈಗೆ ಬಂತು. ಮೊದಲ ವರ್ಷಗಳಲ್ಲಿ ಹಣ ಕರಗಿತು, ಚಿನ್ನ ಬರಲಿಲ್ಲ. ಮುಚ್ಚುವ ಮಾತು ನಡೆಯುತ್ತಿದ್ದಾಗ ಕ್ಯಾಪ್ಟನ್ ಪ್ಲಮರ್ ಹಳಬರು ಅಗೆದು ಬಿಟ್ಟ ಗುಂಡಿಗಳ ಜಾಡಿನಲ್ಲೇ ಕೆಳಗಿಳಿದು ‘ಚಾಂಪಿಯನ್’ ಎಂದು ಹೆಸರಾದ ಸಿರೆಯನ್ನು ಮುಟ್ಟಿದ. ಮುಂದೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ಒಂದರ ಪಕ್ಕ ಒಂದು ಎದ್ದವು.

1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ರಾಜ್ಯದ ಮೊದಲ ಆಧುನಿಕ ಶಕ್ತಿ ಯಾರಿಗಾಗಿ ಹುಟ್ಟಿತು ಎಂಬುದು ಈ ಎರಡು ಇಸವಿಗಳಲ್ಲೇ ಇದೆ. ಮೈಸೂರು ಸಂಸ್ಥಾನಕ್ಕೆ ಚಿನ್ನದ ರಾಜಧನ ದೊಡ್ಡ ಆದಾಯ; ‘ಮಾದರಿ ಸಂಸ್ಥಾನ’ವೆಂಬ ಹೆಸರಿನ ಹಿಂದೆ ಇದ್ದ ಶಾಲೆ, ರಸ್ತೆ, ಕೆರೆಗಳಲ್ಲಿ ಆ ಹಣದ ಪಾಲೂ ಉಂಟು. ಕಂಪನಿಯೊಂದಿಗೆ ಸಂಸ್ಥಾನಕ್ಕಿದ್ದ ಸಂಬಂಧ ಪಾಲುದಾರಿಕೆಯದೇ.

ಪಾಲುದಾರನಾದ ಸರ್ಕಾರ ಬರೆಯುವ ಕಾನೂನು ಹೇಗಿರುತ್ತದೆ? 1897ರಲ್ಲಿ ಬಂದ ಮೈಸೂರಿನ ಗಣಿ ರೆಗ್ಯುಲೇಷನ್ ಮುಖ್ಯವಾಗಿ ಚಿನ್ನದ ಕಳವನ್ನು ಕಣ್ಣಮುಂದೆ ಇಟ್ಟುಕೊಂಡಿತ್ತು. ಕಚ್ಚಾ ಚಿನ್ನವೋ ಅದಿರಿನ ತುಣುಕೋ ಒಬ್ಬನ ಬಳಿ ಸಿಕ್ಕರೆ ಅದು ಹೇಗೆ ಬಂತೆಂದು ಅವನೇ ತೃಪ್ತಿಕರವಾಗಿ ಹೇಳಬೇಕು. ಪಾಳಿ ಮುಗಿದ ಮೇಲೆ ಮೈಶೋಧ, ಗಣಿ ಪ್ರದೇಶದ ಸುತ್ತ ಬೇಲಿ, ಕಾವಲು. ಇದೆಲ್ಲ ಬಿಗಿಯಾಗಿ ಬಂತು, ಬೇಗ ಬಂತು. ಕಾರ್ಮಿಕನ ಶ್ವಾಸಕೋಶದ ಕಾನೂನು ಎಷ್ಟು ಬೇಗ ಬಂತೆಂದು ಈಗ ನೋಡೋಣ. ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಕೋಲಾರದ ಚಿನ್ನ ಬೆಣಚುಕಲ್ಲಿನಲ್ಲಿದೆ. ಬೆಣಚು ಎಂದರೆ ಸಿಲಿಕಾ. ಸಿಡಿಮದ್ದು ತುಂಬಲು ಬಂಡೆಗೆ ತೂತು ಕೊರೆಯಬೇಕು. ಒಣಗಿದ ಬಂಡೆಗೆ ಡ್ರಿಲ್ ಹಿಡಿದಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣ ಅಪಾಯದ್ದಲ್ಲ, ಅದು ಮೂಗು ಗಂಟಲಲ್ಲೇ ನಿಲ್ಲುತ್ತದೆ. ಮಿಲಿಮೀಟರಿನ ಸಾವಿರದ ಕೆಲವೇ ಪಾಲಿನಷ್ಟು ಸಣ್ಣ ಕಣ ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತದೆ. ಅದನ್ನು ಕರಗಿಸಲು ದೇಹಕ್ಕೆ ಆಗುವುದಿಲ್ಲ, ಹೊರಹಾಕಲೂ ಆಗುವುದಿಲ್ಲ. ಸುತ್ತ ಗಾಯದ ಗಂಟು ಕಟ್ಟಿಕೊಳ್ಳುತ್ತದೆ. ವರ್ಷಗಟ್ಟಲೆ ಏನೂ ತೋರುವುದಿಲ್ಲ. ಆಮೇಲೆ ಒಂದು ದಿನ ದಿಬ್ಬ ಹತ್ತುವಾಗ ಏದುಸಿರು ಬರುತ್ತದೆ, ಮತ್ತೆ ಕೆಲವು ವರ್ಷಕ್ಕೆ ಸಮತಟ್ಟು ನೆಲದಲ್ಲೂ. ಗಣಿ ಬಿಟ್ಟು ಊರಿಗೆ ಹೋದವನ ಎದೆಯಲ್ಲೂ ಸಿಲಿಕೋಸಿಸ್ ಎಂಬ ಈ ರೋಗ ಬೆಳೆಯುತ್ತಲೇ ಇರುತ್ತದೆ. ಜೊತೆಗೆ ಕ್ಷಯ ಸೇರಿದರೆ ಬೇಗ ಮುಗಿಯುತ್ತದೆ. ಸಾಯುವಾಗ ಅವನು ಕಂಪನಿಯ ರಿಜಿಸ್ಟರಿನಲ್ಲಿ ಇರುವುದಿಲ್ಲ, ಹಾಗಾಗಿ ಗಣಿಯ ಸಾವುಗಳ ಲೆಕ್ಕಕ್ಕೂ ಬರುವುದಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಈ ರೋಗಕ್ಕೆ ಪರಿಹಾರ ಕೊಡುವ ಕಾನೂನು, ಅಲ್ಲಿಯೂ ಮುಖ್ಯವಾಗಿ ಬಿಳಿಯ ಕಾರ್ಮಿಕರಿಗಾಗಿ, 1911-12ರಲ್ಲೇ ಬಂದಿತ್ತು. ಮೈಸೂರಿನಲ್ಲಿ ಸಿಲಿಕೋಸಿಸ್ ನಿಯಮಗಳು ಬಂದದ್ದು 1940ರ ಸುಮಾರಿಗೆ. ಗಣಿಗಾರಿಕೆಯ ಜ್ಞಾನವೆಲ್ಲ ಹಡಗಿನಲ್ಲಿ ಕೆಲವೇ ವಾರಗಳಲ್ಲಿ ಲೋಕ ಸುತ್ತುತ್ತಿದ್ದ ಕಾಲದಲ್ಲಿ ಇದೊಂದು ಅರಿವು ಇಲ್ಲಿಗೆ ತಲುಪಲು ಮೂರು ದಶಕ ಹಿಡಿಯಿತು. ಈ ವಿಳಂಬಕ್ಕೆ ಯಾರ ಮೇಲೂ ಮೊಕದ್ದಮೆ ಹೂಡುವಂತಿಲ್ಲ. ಯಾವ ಕಾನೂನೂ ಮುರಿದಿರಲಿಲ್ಲ.

ಆಳದ ಮಾತಿಗೆ ಬರೋಣ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಕೆಳಗಿಳಿದು ಲೋಕದ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಅಲ್ಲಿ ಬಂಡೆಯ ಶಾಖವೇ ಅರವತ್ತು ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ತಂಪು ಮಾಡಿದ ಗಾಳಿಯನ್ನು ಮೇಲಿನಿಂದ ತಳ್ಳದೆ ಮನುಷ್ಯ ಅಲ್ಲಿ ನಿಲ್ಲಲಾರ. ಬೆಣಚಿನ ಸಿರೆಯನ್ನು ತೆಗೆದ ಮೇಲೆ ಅದು ಹೊತ್ತಿದ್ದ ಭಾರ ಅಕ್ಕಪಕ್ಕದ ಬಂಡೆಗೆ ಬೀಳುತ್ತದೆ. ಬಂಡೆ ತಡೆಯುವಷ್ಟು ತಡೆದು ಒಮ್ಮೆಲೇ ಸಿಡಿಯುತ್ತದೆ. ರಾಕ್ ಬರ್ಸ್ಟ್ ಎಂದು ಎಂಜಿನಿಯರುಗಳು ಕರೆದದ್ದನ್ನು ಊರಿನವರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ದೊಡ್ಡದಾದರೆ ಮೇಲಿನ ಮನೆಗಳ ಪಾತ್ರೆ ಅಲುಗುತ್ತಿದ್ದವು, ಹೆಂಗಸರು ಶಾಫ್ಟಿನ ಬಾಯಿಗೆ ಓಡುತ್ತಿದ್ದರು. ಇದನ್ನು ತಡೆಯಲು ಕೆಳಗೆ ಗ್ರಾನೈಟಿನ ಕಲ್ಲು ಜೋಡಿಸಿ ಗೋಡೆ ಕಟ್ಟಿದರು, ಮುಂದೆ ಕಾಂಕ್ರೀಟ್ ಬಳಸಿದರು. ಬಂಡೆಯ ಸಿಡಿತದ ವಿಜ್ಞಾನದಲ್ಲಿ ಕೋಲಾರ ಲೋಕಕ್ಕೆ ಪಾಠಶಾಲೆಯಾಯಿತು. 1988ರಲ್ಲಿ ರಾಷ್ಟ್ರೀಯ ಶಿಲಾ ಯಾಂತ್ರಿಕ ಸಂಸ್ಥೆ ಹುಟ್ಟಿದ್ದೂ ಈ ಊರಿನಲ್ಲೇ. ಅದೇ ಆಳದಲ್ಲಿ, ಸುಮಾರು 2.3 ಕಿಲೋಮೀಟರ್ ಕೆಳಗೆ, 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಹಿಡಿದರು. ಲೋಕದಲ್ಲೇ ಮೊದಲ ಸಲ ಕಂಡವರಲ್ಲಿ ಅವರಿದ್ದಾರೆ. ಭೂಮಿಯ ಹೊಟ್ಟೆಯೊಳಗೆ ಕೂತು ಆಕಾಶದಿಂದ ಬರುವುದನ್ನು ಎಣಿಸಿದ ಈ ಪ್ರಸಂಗಕ್ಕೆ ಯಾವ ಚಿತ್ರಕಥೆಗಾರನೂ ಇನ್ನೂ ಕೈ ಹಾಕಿಲ್ಲವೆಂಬುದು ನನಗೆ ನಿಜಕ್ಕೂ ಅಚ್ಚರಿ.

ಸಭಿಕರೇ, ಈ ಜನ ತಮ್ಮ ಪಾಡನ್ನು ಸುಮ್ಮನೆ ಅನುಭವಿಸಿದರೆಂದು ಭಾವಿಸಬೇಡಿ. ಕೆಲಸಗಾರರಲ್ಲಿ ಬಹುಪಾಲು ಉತ್ತರ ಆರ್ಕಾಟಿನಿಂದ ಬಂದ ತಮಿಳು ದಲಿತರು. ಜೊತೆಗೆ ತೆಲುಗು, ಕನ್ನಡದವರು. ಹಳ್ಳಿಯ ಜೀತಕ್ಕಿಂತ ಗಣಿಯ ಕತ್ತಲೆ ಮೇಲೆಂದು ಬಂದವರು ಅವರು. ತಟ್ಟಿ ಗುಡಿಸಲುಗಳ ‘ಲೈನು’ಗಳಲ್ಲಿ ಬದುಕುತ್ತಲೇ ಶಾಲೆ ಕಟ್ಟಿದರು, ವಾಚನಾಲಯ ಕಟ್ಟಿದರು. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ತಮಿಳು ದಲಿತ ಚಿಂತಕ ಪಂಡಿತ ಅಯೋತಿ ದಾಸರ ಪ್ರೇರಣೆಯಿಂದ ಈ ಗಣಿಗಳ ಊರಿನಲ್ಲಿ ಬೌದ್ಧ ಸಂಘ ಹುಟ್ಟಿತು. ಅವರ ಬರಹಗಳನ್ನು ಪುಸ್ತಕವಾಗಿ ಅಚ್ಚು ಹಾಕಿದ ಸಿದ್ಧಾರ್ಥ ಪುತ್ತಕಶಾಲೆ ಇಲ್ಲಿನದು. ಅಂಬೇಡ್ಕರರು ನಾಗಪುರದಲ್ಲಿ ದೀಕ್ಷೆ ಪಡೆಯುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲಿನ ಮಾತಿದು. 1930ರಲ್ಲಿ ಕಂಪನಿಗಳು ಪ್ರತಿಯೊಬ್ಬ ಕಾರ್ಮಿಕನ ಬೆರಳಚ್ಚು ತೆಗೆದು ನೋಂದಾಯಿಸಲು ಹೊರಟಾಗ ಗಣಿಗಳೆಲ್ಲ ನಿಂತುಹೋದವು. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನು ಪಕ್ಕದ ಗಣಿಗೆ ಸೇರುವ ದಾರಿಯೂ ಇನ್ನು ಮುಚ್ಚುತ್ತದೆಂದು ಅವರಿಗೆ ತಿಳಿದಿತ್ತು. ಮೈಸೂರಿನಲ್ಲಿ ಕಾರ್ಮಿಕ ಸಂಘಕ್ಕೆ ಕಾನೂನಿನ ಮಾನ್ಯತೆ ಸಿಗಲು ಇನ್ನೂ ಸುಮಾರು ಹತ್ತು ವರ್ಷ ಇದ್ದ ಕಾಲದಲ್ಲಿ ಸಾವಿರಾರು ಜನ ಒಟ್ಟಿಗೆ ಕೈ ಕಟ್ಟಿ ನಿಂತರು. 1940ರ ದಶಕದಲ್ಲಿ ಕೆ. ಎಸ್. ವಾಸನ್, ವಿ. ಎಂ. ಗೋವಿಂದನ್‌ರಂಥ ನಾಯಕರ ಕಾಲದಲ್ಲಿ ಸಂಘಟನೆ ಬಲಗೊಂಡಿತು. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು.

ಇಷ್ಟು ಸಾಮಗ್ರಿ ಎದುರಿಗಿಟ್ಟುಕೊಂಡು ಸಿನಿಮಾದ ಕಡೆ ತಿರುಗೋಣ. ಗಣಿಯನ್ನು ಕಥೆಯಾಗಿಸುವವರಿಗೆ ಮೊದಲ ತೊಡಕು ಇದು: ನಾಟಕಕ್ಕೆ ಮುಖ ಬೇಕು, ಗಣಿಯ ವ್ಯವಸ್ಥೆಗೆ ಮುಖವಿಲ್ಲ. ಹಿಂದಿಯ ‘ಕಾಲಾ ಪತ್ಥರ್’ ನೋಡಿ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲ ಗಣಿಗೆ ನೀರು ನುಗ್ಗಿ 370ಕ್ಕೂ ಹೆಚ್ಚು ಜನ ಸತ್ತ ದುರಂತ ಆ ಚಿತ್ರದ ಹಿಂದಿದೆ. ಗಣಿಯೊಳಗಿನ ನೀರಿನ ಭೀತಿಯನ್ನು ಭಾರತೀಯ ತೆರೆಯ ಮೇಲೆ ಅಷ್ಟು ಸಮೀಪದಿಂದ ತೋರಿಸಿದ ಚಿತ್ರ ಇನ್ನೊಂದಿಲ್ಲ ಎನ್ನುವಷ್ಟು ಅದು ಸಮರ್ಥವಾಗಿದೆ. ಆದರೆ ಚಿತ್ರದಲ್ಲಿ ಗಣಿ ಒಬ್ಬ ದುರಾಸೆಯ ಸೇಠನದು. ನಿಜದ ಚಾಸ್ನಾಲಾ ಇಸ್ಕೋ ಕಂಪನಿಯದು; ಅದರ ಆಡಳಿತವನ್ನು 1972ರಲ್ಲೇ ಕೇಂದ್ರ ಸರ್ಕಾರ ವಹಿಸಿಕೊಂಡಿತ್ತು. ಸೇಠನನ್ನು ದ್ವೇಷಿಸಿ ಪ್ರೇಕ್ಷಕ ಹಗುರಾಗಿ ಮನೆಗೆ ಹೋಗಬಹುದು. ತನ್ನದೇ ಸರ್ಕಾರದ ಉಸ್ತುವಾರಿಯಲ್ಲಿದ್ದ ಗಣಿಯೊಳಗೆ ನೀರು ಹೇಗೆ ನುಗ್ಗಿತೆಂದು ಕೇಳುವ ಕಷ್ಟ ಅವನಿಗೆ ಬರುವುದಿಲ್ಲ.

ಫ್ರಾನ್ಸಿನ ಎಮಿಲ್ ಜೋಲಾ 1885ರಲ್ಲಿ ‘ಜರ್ಮಿನಾಲ್’ ಬರೆಯುವ ಮುನ್ನ ಉತ್ತರ ಫ್ರಾನ್ಸಿನ ಕಲ್ಲಿದ್ದಲ ಗಣಿಗೆ ತಾನೇ ಇಳಿದಿದ್ದ, ಮುಷ್ಕರದ ಊರಿನಲ್ಲಿ ಓಡಾಡಿ ಟಿಪ್ಪಣಿ ಮಾಡಿಕೊಂಡಿದ್ದ. ಅವನ ಕಾದಂಬರಿಯಲ್ಲಿ ನಿರ್ಧಾರಗಳು ನಡೆಯುವುದು ದೂರದ ಪ್ಯಾರಿಸಿನಲ್ಲಿ, ಕಾರ್ಮಿಕರಿಗೆ ಕಾಣದ ಷೇರುದಾರರ ಸಭೆಯಲ್ಲಿ. ಎದುರಿಗೆ ಸಿಗುವ ಮ್ಯಾನೇಜರನೂ ಸಂಬಳದವನೇ. ಮುಖವಿಲ್ಲದ ಒಡೆತನವನ್ನೂ ಕಥೆಯಾಗಿಸಬಹುದೆಂದು ನೂರನಲವತ್ತು ವರ್ಷದ ಹಿಂದೆಯೇ ಅವನು ತೋರಿಸಿಕೊಟ್ಟಿದ್ದಾನೆ.

ಪ್ರಶಾಂತ್ ನೀಲ್ ಅವರ ‘ಕೆಜಿಎಫ್’ ತಾನು ಚರಿತ್ರೆ ಎಂದು ಹೇಳಿಕೊಂಡಿಲ್ಲ. ಅಲ್ಲಿ ಚಿನ್ನ ಸಿಗುವುದು 1951ರಲ್ಲಿ. ನಿಜದ ಗಣಿ ಆ ಹೊತ್ತಿಗೆ ಎಪ್ಪತ್ತು ವರ್ಷದ ಮುದುಕ. ಈ ಸ್ವಾತಂತ್ರ್ಯವನ್ನು ನಾನು ಆಕ್ಷೇಪಿಸುವುದಿಲ್ಲ. ನನ್ನ ತಕರಾರು ದುಡಿಮೆಯ ಚಿತ್ರಣದ ಬಗ್ಗೆ. ನರಾಚಿಯ ಜನಕ್ಕೆ ಕಸುಬಿಲ್ಲ, ಬರೀ ಹೊಡೆತವಿದೆ. ಬಂಡೆಯನ್ನು ಸಲಾಕೆಯಿಂದ ತಟ್ಟಿ ಸದ್ದಿನಲ್ಲೇ ಅದರ ಮನಸ್ಸು ತಿಳಿಯುವ ಮೇಸ್ತ್ರಿ ಅಲ್ಲಿಲ್ಲ. ಕೇಜನ್ನು ಕಿಲೋಮೀಟರ್ ಆಳಕ್ಕೆ ಇಳಿಸಿ ಗಂಟೆಯ ಸಂಕೇತಕ್ಕೆ ಸರಿಯಾಗಿ ನಿಲ್ಲಿಸುವ ವೈಂಡಿಂಗ್ ಡ್ರೈವರ್ ಇಲ್ಲ. ಕಸುಬಿಲ್ಲದವರಿಗೆ ಸಂಘಟನೆಯೂ ಇರುವುದಿಲ್ಲ, ಅವರಿಗೆ ಕಾಯುವುದೊಂದೇ ಗೊತ್ತು. ಹೊರಗಿನಿಂದ ಒಬ್ಬ ಬಂದು ಬಿಡಿಸಬೇಕು. ಎರಡನೇ ಭಾಗದಲ್ಲಿ ಒಡೆಯ ಬದಲಾಗುತ್ತಾನೆ, ಅಗೆತ ಇನ್ನಷ್ಟು ಜೋರಾಗುತ್ತದೆ, ದುಡಿಯುವವರು ಈಗ ಭಕ್ತರಾಗಿ ದುಡಿಯುತ್ತಾರೆ. 1930ರಲ್ಲಿ ಬೆರಳಚ್ಚು ಕೊಡಲೊಲ್ಲೆವೆಂದು ನಿಂತವರ ಮೊಮ್ಮಕ್ಕಳು ಇದನ್ನು ಊರಿನ ಚಿತ್ರಮಂದಿರದಲ್ಲಿ ನೋಡಿದರು ಎಂಬುದನ್ನು ಮರೆಯಲು ನನಗಾಗುವುದಿಲ್ಲ.

ತಮಿಳಿನ ಪಾ. ರಂಜಿತ್ ಅವರ ‘ತಂಗಲಾನ್’ 2024ರಲ್ಲಿ ಬಂತು. ಕಾಲದ ಲೆಕ್ಕ ಅದರಲ್ಲೂ ಸಡಿಲ. ಚಿನ್ನ ಕಾಯುವ ಮಾಯಾ ಶಕ್ತಿಯ ಕಥೆ ಹಲವೆಡೆ ಮೂಲದ ಪ್ರಶ್ನೆಯನ್ನು ಮರೆಸಿಬಿಡುತ್ತದೆ. ಆದರೂ ಆ ಚಿತ್ರ ಒಂದು ದೊಡ್ಡ ಸತ್ಯವನ್ನು ಹಿಡಿದಿದೆ. ಆರ್ಕಾಟಿನ ಭೂಮಿ ಕಳೆದುಕೊಂಡ ದಲಿತ ಕುಟುಂಬ ಏಕೆ ಬಿಳಿಯನ ಹಿಂದೆ ಹೊರಟಿತು, ಆ ನಡಿಗೆಯಲ್ಲಿ ಆಸೆ ಎಷ್ಟು, ಬಲವಂತ ಎಷ್ಟು ಎಂಬುದನ್ನು ಅದು ಕೇಳುತ್ತದೆ. ಕನ್ನಡದಲ್ಲಿ ನಾವು ಈ ಪ್ರಶ್ನೆ ಕೇಳಲಿಲ್ಲ. ಅಲ್ಲಿನ ಜನರ ಮನೆಮಾತು ತಮಿಳು, ತೆಲುಗು ಆಗಿದ್ದರಿಂದಲೋ ಏನೋ, ನಮ್ಮ ಸಾಹಿತ್ಯ ಆ ಊರನ್ನು ಪಕ್ಕದ ಮನೆಯವರಂತೆ ದೂರವಿಟ್ಟಿತು. ರಾಜಧನ ನಮ್ಮದಾಯಿತು, ವಿದ್ಯುತ್ತಿನ ಹೆಮ್ಮೆ ನಮ್ಮದಾಯಿತು, ಜನ ಮಾತ್ರ ನಮ್ಮವರಾಗಲಿಲ್ಲ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ್ದಾದವು, 1962ರಲ್ಲಿ ಕೇಂದ್ರದ್ದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರು ಬಂತು. ಆಳ ಹೆಚ್ಚಿದಂತೆ ಖರ್ಚು ಏರಿತು, ಟನ್ ಅದಿರಿಗೆ ಸಿಗುವ ಚಿನ್ನ ಮೂರು ಗ್ರಾಮಿನ ಆಸುಪಾಸಿಗೆ ಇಳಿಯಿತು. ಒಟ್ಟು 800 ಟನ್ನಿನಷ್ಟು ಚಿನ್ನ ಕೊಟ್ಟ ಗಣಿಯನ್ನು 2001ರ ಫೆಬ್ರವರಿ ಕೊನೆಗೆ ಮುಚ್ಚಿದರು. ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಹೆಚ್ಚು ನುಣುಪು ಪುಡಿ ಬೂದುಬಣ್ಣದ ಗುಡ್ಡಗಳಾಗಿ ಊರ ನಡುವೆ ನಿಂತಿದೆ. ಜನ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ನರಾಚಿಯ ಸೆಟ್ ಹಾಕಿದ್ದು ಅಲ್ಲೇ. ಗಾಳಿಗಾಲದಲ್ಲಿ ಆ ಪುಡಿ ಹಾರಿ ಮನೆಗಳ ಒಳಗೆ, ಅನ್ನದ ತಟ್ಟೆಯ ಮೇಲೆ ಬೀಳುತ್ತದೆ. ತೆರೆಯ ಮೇಲೆ ಅದ್ಭುತವಾಗಿ ಕಂಡ ಹಿನ್ನೆಲೆ ಅಲ್ಲಿಯವರಿಗೆ ದಿನವೂ ಗುಡಿಸಬೇಕಾದ ಧೂಳು.

ಆದ್ದರಿಂದ ಈ ವೇದಿಕೆಯಿಂದ ಒಂದು ಕೋರಿಕೆ ಇಡುತ್ತೇನೆ. ಗಣಿಗಳ ನಕ್ಷೆಗಳು, ಹಾಜರಿ ಪುಸ್ತಕಗಳು, ಅಪಘಾತದ ವರದಿಗಳು, ಸಿಲಿಕೋಸಿಸ್ ತಪಾಸಣೆಯ ಕಡತಗಳು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ರಾಜ್ಯ ಪತ್ರಾಗಾರ ಒಂದೆಡೆ ತರಿಸಿ ಸಂಶೋಧಕರಿಗೂ ಚಿತ್ರಕಥೆ ಬರೆಯುವವರಿಗೂ ತೆರೆದಿಡಬೇಕು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ತಮಿಳು, ತೆಲುಗು ಬಲ್ಲ ವಿದ್ಯಾರ್ಥಿಗಳನ್ನು ಚಾಂಪಿಯನ್ ರೀಫಿನ, ಮಾರಿಕುಪ್ಪದ ಲೈನುಗಳಿಗೆ ಕಳಿಸಿ ನಿವೃತ್ತ ಗಣಿ ಕಾರ್ಮಿಕರ ಮಾತನ್ನು ಅವರ ನುಡಿಯಲ್ಲೇ ಧ್ವನಿಮುದ್ರಿಸಬೇಕು. ಈ ಕೆಲಸಕ್ಕೆ ಕಾಲಾವಕಾಶ ಹೆಚ್ಚಿಲ್ಲ. 1960ರ ದಶಕದಲ್ಲಿ ಮೊದಲ ಸಲ ಕೇಜು ಹತ್ತಿ ಕೆಳಗಿಳಿದ ಹುಡುಗರಿಗೆ ಈಗ ಎಂಬತ್ತರ ಸಮೀಪ, ಕೆಲವರಿಗೆ ಅದನ್ನೂ ದಾಟಿದ ವಯಸ್ಸು.